ಎಶೊವೆಯಲ್ಲಿ ತಟ್ಟಿದ ಚಪ್ಪಾಳೆ

ಸೇತುವೆಯ ಮೇಲಿನ ಗಿಡಮೂಲಿಕೆ ಮಾರುಕಟ್ಟೆ
ಡರ್ಬನ್
14 ಆಗಸ್ಟ್ 2004, ಶನಿವಾರ

ತಮ್ಮ ಖುಲೆಕಾನಿ, ಸೊಂಪಿಸಿಯ ಕುಲದವನೇ,

ಆಡು ಮೂರು, ಸಾವಿರದ ಎಂಟುನೂರು ರ‍್ಯಾಂಡ್. ಹಸು ಒಂದು, ಮೂರು ಸಾವಿರದ ಐನೂರು. ಬಿಳಿ ಕೋಳಿ ಹನ್ನೊಂದು, ಮುನ್ನೂರ ಎಂಬತ್ತೈದು. ಮಣಿ ಮತ್ತು ಕೆಂಪು ಬಟ್ಟೆ, ಸಾವಿರದ ಇನ್ನೂರ ನಲವತ್ತು. ನಿನ್ನ ಗುರು ಗೊಗೊ ಮಾಜುಂಗುವಿಗೆ ಹನ್ನೊಂದು ತಿಂಗಳ ಕಲಿಕೆಗೆಂದು ಕೊಟ್ಟದ್ದು ನಾಲ್ಕು ಸಾವಿರದ ಐನೂರು. ವ್ಯಾನಿನ ಬಾಡಿಗೆ ಎರಡು ಸಲ, ಒಂಬೈನೂರು. ಡೋಲಿನವರಿಗೂ ಜೋಳದ ಬಿಯರಿಗೂ ಸೇರಿ ಏಳುನೂರ ನಲವತ್ತೈದು. ಒಟ್ಟು ಹದಿಮೂರು ಸಾವಿರದ ಎಪ್ಪತ್ತು.

ಕ್ಷೇಮ ಕೇಳುವ ಮೊದಲೇ ಲೆಕ್ಕ ಒಪ್ಪಿಸಿದಳೆಂದು ಬೇಸರಪಡಬೇಡ. ಸಮಾಜಶಾಸ್ತ್ರದ ಡಾಕ್ಟರು ಆಗಿದ್ದ ನೀನು ಬಿಳಿ ಮಣಿ ಕಟ್ಟಿಕೊಂಡು, ಹಿರಿಯರ ಮಾತು ಕೇಳಿಸಿಕೊಂಡು ಜನರ ಕಾಯಿಲೆ ಹೇಳುವ ಸಾಂಗೋಮಾ ಆಗಿ ಮನೆಗೆ ಬರುವ ತನಕ ನನ್ನ ಸೊಂಟದ ಗಂಟಿನಿಂದ ಹೋದದ್ದು ಇಷ್ಟು. ನಿನ್ನ ಪತ್ರದ ಮೂರನೆಯ ಸಾಲಿನಲ್ಲೇ ಕೇಳಿದ್ದೀಯ: 'ಅಕ್ಕಾ, ಎಶೊವೆಯ ಕೊನೆಯ ಪರೀಕ್ಷೆಯಲ್ಲಿ ಆಡಿನ ಪಿತ್ತದ ಚೀಲ ಎಲ್ಲಿ ಬಚ್ಚಿಟ್ಟಿದ್ದಾರೆಂದು ತಿಳಿಯಲು ಯಾರಿಗೆ ಎಷ್ಟು ಕೊಟ್ಟೆ?' ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡು. ಅಂಥ ಬಾಬತ್ತು ಅದರಲ್ಲಿಲ್ಲ. ಸೇತುವೆಯ ಕಾವಲುಗಾರನ ಬಾಯಿ ಮುಚ್ಚಿಸಲು ಕೊಟ್ಟ ಇಪ್ಪತ್ತು ರ‍್ಯಾಂಡನ್ನೂ 'ಚಹಾ' ಎಂದು ಬರೆದಿಡುವ ಹೆಂಗಸು ನಾನು. ಕೊಟ್ಟಿದ್ದರೆ ಬರೆದಿರುತ್ತಿದ್ದೆ.

ನಿನ್ನ ಪತ್ರ ಬಂದು ಇಂದಿಗೆ ಇಪ್ಪತ್ತೆರಡು ದಿನ. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಕಾರಣಗಳು ಬೇಕಾದಷ್ಟಿವೆ. ಮೊದಲ ವಾರ ತೊಗಟೆಯ ಎರಡು ಮೂಟೆಗೆ ಬೂಷ್ಟು ಹಿಡಿಯಿತು. ಎರಡನೆಯ ವಾರ ಅಂಗಡಿಗಳ ಇಡೀ ಸಾಲನ್ನು ಅಳೆಯುತ್ತೇವೆಂದು ನಗರಸಭೆಯವರು ಟೇಪು ಹಿಡಿದು ಬಂದರು, ಅಳೆದು ಹೋದರು, ಏನು ಅಳೆದರೆಂದು ಇನ್ನೂ ಯಾರಿಗೂ ತಿಳಿದಿಲ್ಲ. ಮೂರನೆಯ ವಾರ ಊರಿಗೆ ಹೋಗಿ ಬಂದೆ. ಇವೆಲ್ಲ ನಿಜ. ಒಂದೂ ಕಾರಣವಲ್ಲ. ಪಕ್ಕದ ಅಂಗಡಿಯ ಮಾದ್ಲಾಮಿನಿ ಇದನ್ನು ಮೊದಲ ದಿನವೇ ಕಂಡುಹಿಡಿದಳು.

"ಏನೇ ಸೆಬೆಂಜಿಲೆ, ಆ ಬಾಟಲಿಗೆ ಏನು ಪೂಜೆ? ಬೆಳಗಿಂದ ಮೂರು ಸಲ ಒರೆಸ್ದೆ."

"ಧೂಳು."

"ಧೂಳು ಬಾಟಲಿ ಮೇಲಿಲ್ಲ ಕಣೇ, ನಿನ್ನ ಮುಖದ ಮೇಲಿದೆ. ಡಾಕ್ಟರು ತಮ್ಮ ಕಾಗದ ಬರೆದ್ನಾ? ದುಡ್ಡು ಕೇಳಿದ್ನಾ?"

"ದುಡ್ಡು ಕೇಳಿದ್ರೆ ಇಷ್ಟು ಕಷ್ಟ ಇರಲಿಲ್ಲ."

ಇದು ಸತ್ಯವಾದ ಮಾತು. ನೀನು ಎಂಟು ವರ್ಷದವನಿದ್ದಾಗಿನಿಂದ ಕೇಳಿದ್ದಕ್ಕೆಲ್ಲ ನನ್ನ ಬಳಿ ಉತ್ತರವಿತ್ತು. ಶಾಲೆಯ ಬೂಟು, ಪರೀಕ್ಷೆಯ ಶುಲ್ಕ, ಆ ಟೇಪ್ ರೆಕಾರ್ಡರ್, ಎಲ್ಲಕ್ಕೂ ಬೇರು ಮಾರಿ, ತೊಗಟೆ ಮಾರಿ ಉತ್ತರ ಹೊಂದಿಸಿದೆ. ಅಕ್ಷರವನ್ನೂ ನಿನ್ನ ಪುಸ್ತಕದ ಮೇಲೆಯೇ ನಿನ್ನ ಜೊತೆಗೇ ಕಲಿತೆ. ಈ ಒಂದು ಪ್ರಶ್ನೆಗೆ ಮಾತ್ರ ಇಪ್ಪತ್ತೆರಡು ದಿನ ಬೇಕಾಯಿತು.

ನೊಕ್ವಾಜಿ ಬುಧವಾರ ಅಂಗಡಿಗೆ ಬಂದಿದ್ದಳು. ನಿನ್ನ ಹೆಂಡತಿ ಎಷ್ಟು ಸೊರಗಿದ್ದಾಳೆಂದು ನೀನು ನೋಡಬೇಕು. ಶಾಲೆಯಿಂದ ನೇರವಾಗಿ ಬಂದಿದ್ದಳು, ಬೆರಳಿನಲ್ಲಿ ಸೀಮೆಸುಣ್ಣ ಹಾಗೇ ಇತ್ತು. ಪೀಟರ್‌ಮಾರಿಟ್ಜ್‌ಬರ್ಗಿನಲ್ಲಿ ನಿನ್ನ ಗೆಳೆಯನ ಮನೆಗೆ ಹೋಗಿ ನಿನ್ನನ್ನು ಕಂಡು ಬಂದಳಂತೆ. "ಕಿಟಕಿಗೆ ಕಂಬಳಿ ಕಟ್ಕೊಂಡು ಮಲಗಿದಾರೆ ಅತ್ತಿಗೆ," ಎಂದಳು. "ಬೆಳಕು ಬಿದ್ರೆ ತಲೆ ಸೀಳತ್ತಂತೆ. ಹಳೇ ತಲೆನೋವೇ. ಫೋನು ತೆಗೆದು ಡ್ರಾಯರಿಗೆ ಹಾಕಿದಾರೆ. ಮಣಿ ಎಲ್ಲ ಬಿಚ್ಚಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದಾರೆ, ಅಂಗಡಿಯಿಂದ ತಂದ ಟೊಮೇಟೊ ತರ. ವಿಶ್ವವಿದ್ಯಾಲಯದೋರು ಪಾಠದ ಕೆಲಸಕ್ಕೆ ಕರೆದಿದಾರೆ, ಬರೋ ವಾರ ಶುಕ್ರವಾರದೊಳಗೆ ಬರ್ತೀನಿ, ಬರಲ್ಲ ಅಂತ ಹೇಳ್ಬೇಕು. ಅಕ್ಕನ ಕಾಗದ ಬರಲಿ ಅಂತ ಕಾಯ್ತಿದಾರೆ. ನೀವು ಯಾಕೆ ಬರೀತಿಲ್ಲ?"

ಅವಳಿಗೆ ಒಂದು ಕಟ್ಟು ಧೂಪದ ಸೊಪ್ಪು ಕೊಟ್ಟು ಕಳಿಸಿದೆ. ದುಡ್ಡು ಕೊಡಲು ಬಂದಳು, ತೆಗೆದುಕೊಳ್ಳಲಿಲ್ಲ. ಅದನ್ನು ಕಂಡು ಮಾದ್ಲಾಮಿನಿ, "ಹಾಗಾದ್ರೆ ವಿಷಯ ದೊಡ್ಡದೇ," ಎಂದಳು.

ನಿನ್ನ ಪತ್ರವನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ಕೊನೆಯ ಪುಟದಲ್ಲಿ ಹೀಗಿದೆ: 'ಯಾರಾದರೂ ನಿನಗೆ ಜಾಗ ಹೇಳಿದ್ದರೆ ನಾನು ಸಾಂಗೋಮಾ ಅಲ್ಲ, ನಾಟಕದವನು. ಮಣಿಗಳನ್ನು ಹಿಂದಿರುಗಿಸಿ ಪಾಠ ಹೇಳಲು ಹೋಗುತ್ತೇನೆ. ಯಾರೂ ಹೇಳಿಲ್ಲವೆಂದಾದರೆ ನನಗೆ ಏನೂ ಅರ್ಥವಾಗುತ್ತಿಲ್ಲ.' ಮಣಿ ಹಿಂದಿರುಗಿಸಿದವರಿಗೆ ಏನಾಗುತ್ತದೆಂದು ನಿನಗೂ ಗೊತ್ತು, ನನಗೂ ಗೊತ್ತು. ಹಿರಿಯರು ಕರೆದು, ಒಪ್ಪಿಕೊಂಡು, ಆಮೇಲೆ ಬಾಗಿಲು ಹಾಕಿದ ಇಬ್ಬರನ್ನು ಈ ಮಾರುಕಟ್ಟೆಯಲ್ಲೇ ಕಂಡಿದ್ದೇನೆ. ಒಬ್ಬಳು ಸೇತುವೆಯ ಕೆಳಗೆ ಓಡಾಡುತ್ತಾಳೆ, ಚಳಿಗಾಲದಲ್ಲೂ ಬರಿಮೈ. ಇನ್ನೊಬ್ಬ ಇಲ್ಲ.

ಹಾಗಾಗಿ ನಿನ್ನ ಪ್ರಶ್ನೆ ಬರೀ ಪ್ರಶ್ನೆಯಲ್ಲ ತಮ್ಮಾ. ಏನು ಬರೆದರೂ ಅದು ನಿನ್ನ ತಲೆಯ ಮೇಲೆ ಬೀಳುತ್ತದೆ.

ಮೊದಲು ಒಪ್ಪಿಕೊಳ್ಳುವುದನ್ನು ಒಪ್ಪಿಕೊಳ್ಳುತ್ತೇನೆ. ಅಂದು ಚಪ್ಪಾಳೆಯಲ್ಲಿ ದಾರಿ ತೋರಿಸಿದವಳು ನಾನೇ. ನಿನ್ನ ಕಿವಿ ತಪ್ಪಲಿಲ್ಲ.

ನಿನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ಈ ಅಂಗಡಿಯಲ್ಲೇ, ಬೇರಿನ ಮೂಟೆಯ ಮೇಲೆ ಕುಳಿತು ಓದಿ ಹೇಳಿದ್ದೆಯಲ್ಲ. ಸಾಂಗೋಮಾ ಒಂದು ಮಾತು ಹೇಳುತ್ತಾನೆ. ಕೇಳಲು ಬಂದವರು ಚಪ್ಪಾಳೆ ತಟ್ಟಿ 'ಒಪ್ಪಿದೆವು' ಎನ್ನುತ್ತಾರೆ. ಮಾತು ನಿಜಕ್ಕೆ ಹತ್ತಿರವಾದರೆ ಚಪ್ಪಾಳೆ ಜೋರಾಗುತ್ತದೆ, ದೂರವಾದರೆ ಸಪ್ಪಗಾಗುತ್ತದೆ. ಉತ್ತರ ಇರುವುದು ಹಿರಿಯರ ಬಳಿಯಲ್ಲ, ಕೇಳುವವರ ಅಂಗೈಯಲ್ಲಿ ಎಂದು ನೀನು ಇಪ್ಪತ್ತಾರು ಪುಟ ಬರೆದಿದ್ದೆ. ನಾನು ನಕ್ಕೆ. "ಇದಕ್ಕೆ ಡಾಕ್ಟರ್ ಪದವಿ ಕೊಡ್ತಾರೇನೋ? ಗಿರಾಕಿ ಕಣ್ಣು ಯಾವ ಬಾಟಲಿ ಮೇಲೆ ನಿಲ್ಲತ್ತೆ ಅಂತ ನೋಡಿ ತಾನೆ ನಾವೂ ಬೆಲೆ ಹೇಳೋದು!" ಎಂದೆ. ನಿನಗೆ ಸಿಟ್ಟು ಬಂತು. ಮಾದ್ಲಾಮಿನಿ ಮಾತ್ರ, "ಇರಲಿ ಬಿಡೇ, ನಮ್ಮ ವ್ಯಾಪಾರಾನ ಪುಸ್ತಕದಲ್ಲಿ ಬರೆದ ಪುಣ್ಯಾತ್ಮ," ಎಂದು ನಿನಗೆ ಚಹಾ ತರಿಸಿದಳು.

ಅದಾದ ಎರಡನೆಯ ವರ್ಷಕ್ಕೆ ತಲೆನೋವು ಶುರುವಾಯಿತು. ಮೂರು ವರ್ಷ, ನಾಲ್ಕು ಆಸ್ಪತ್ರೆ, ತಲೆಯ ಚಿತ್ರ ಎರಡು ಸಲ. ಏನೂ ಇಲ್ಲವೆಂದರು. ಕನಸಿನಲ್ಲಿ ಬಿಳಿ ಮಣಿಯ ಮುದುಕಿ ನದಿಯ ದಡದಲ್ಲಿ ಕಾಯುತ್ತಾಳೆಂದು ನೀನು ಹೇಳಿದ ದಿನ ನೊಕ್ವಾಜಿ ಅತ್ತಳು. ನಾನು ಅಳಲಿಲ್ಲ. ಆಡಿನ ಬೆಲೆ ವಿಚಾರಿಸಲು ಹೋದೆ.

ಎಶೊವೆಯಲ್ಲಿ ನಿನ್ನನ್ನು ಮೊದಲ ಸಲ ನೋಡಲು ಬಿಟ್ಟಾಗ ನೀನು ಅಂಗಳ ಗುಡಿಸುತ್ತಿದ್ದೆ. ಮೈಗೆ ಕೆಮ್ಮಣ್ಣು, ಬರಿಗಾಲು. ಗೊಗೊ ಮಾಜುಂಗು ಕರೆದರೆ ಮಂಡಿಯ ಮೇಲೆ ತೆವಳಿ ಹೋಗಬೇಕು. ಆಕೆಗೆ ತನ್ನ ಹೆಸರು ಬರೆಯಲು ಬಾರದು. "ನಿಮ್ಮ ಡಾಕ್ಟರು ಗುಡಿಸೋದು ಕಲಿತ," ಎಂದಳು ನನಗೆ. "ಆರು ತಿಂಗಳಾಯ್ತು. ಇನ್ನು ಕೇಳಿಸ್ಕೊಳ್ಳೋದು ಕಲೀಬೇಕು. ಬರೀ ಪ್ರಶ್ನೆ ಕೇಳ್ತಾನೆ." ನಿನ್ನ ಮುಖದಲ್ಲಿ ಮಾತ್ರ ಎಷ್ಟೋ ವರ್ಷದಿಂದ ಕಾಣದಿದ್ದ ನೆಮ್ಮದಿ ಇತ್ತು. ತಲೆನೋವು ಹೋಗಿತ್ತು. ಅದನ್ನು ನೋಡಿ ಬಂದವಳು, ಇದು ಮಧ್ಯದಲ್ಲಿ ನಿಲ್ಲಕೂಡದು, ಏನಾದರೂ ಆಗಲಿ ನಿಲ್ಲಕೂಡದು ಎಂದುಕೊಂಡೆ. ತಪ್ಪಿನ ಬೇರು ಅಲ್ಲೇ ಇರಬೇಕು.

ಏಪ್ರಿಲಿನ ಆ ಮಧ್ಯಾಹ್ನ ನಿನಗೆ ನೆನಪಿರುವುದಕ್ಕಿಂತ ನನಗೆ ಚೆನ್ನಾಗಿ ನೆನಪಿದೆ. ನೀನು ನಿನ್ನೊಳಗಿದ್ದೆ, ನಾನು ಹೊರಗಿದ್ದು ನೋಡುತ್ತಿದ್ದೆ. ಕೊನೆಯ ಆಡು ಕಡಿದು, ಅದರ ಪಿತ್ತದ ಚೀಲವನ್ನು ಗೊಗೊ ಬಚ್ಚಿಟ್ಟಳು. ನೀನು ಹುಡುಕಿ ತೆಗೆಯಬೇಕು, ತೆಗೆದು ಕೂದಲಿಗೆ ಕಟ್ಟಿಕೊಳ್ಳಬೇಕು. ಆಡಿನ ಮಾಂಸ ಬೇಯುವಷ್ಟರಲ್ಲಿ ಸಿಗದಿದ್ದರೆ ಇನ್ನೊಂದು ವರ್ಷ ಗುಡಿಸಬೇಕು. ಮನೆಯವರೆಲ್ಲ ಒಂದೇ ಸಮನಾಗಿ ಚಪ್ಪಾಳೆ ತಟ್ಟಬೇಕು, ಯಾರೂ ದಾರಿ ತೋರಿಸಬಾರದು ಎಂದು ಗೊಗೊ ಎರಡು ಸಲ ಎಚ್ಚರಿಸಿದ್ದಳು.

ನೀನು ದನದ ಕೊಟ್ಟಿಗೆ ನೋಡಿದೆ. ಒಲೆಯ ಬೂದಿ ಕೆದಕಿದೆ. ನಮ್ಮ ವ್ಯಾನಿನ ಚಕ್ರದ ಕೆಳಗೆ ಕೈ ಹಾಕಿದೆ. 'ಒಪ್ಪಿದೆವು, ಒಪ್ಪಿದೆವು' ಎನ್ನುತ್ತ ನಲವತ್ತು ಜನ ಸಪ್ಪಗೆ ತಟ್ಟುತ್ತಿದ್ದರು. ಡೋಲಿನವನು ಕೈ ಬದಲಾಯಿಸಿದ. ಮಾಂಸದ ವಾಸನೆ ಏಳತೊಡಗಿತು. ನಿನ್ನ ಕಾಲು ತಡವರಿಸುತ್ತಿತ್ತು, ಮುಖದ ಕೆಮ್ಮಣ್ಣಿನಲ್ಲಿ ಬೆವರು ಗೆರೆ ಎಳೆದಿತ್ತು. ಹಿಂದಿನಿಂದ ಯಾರೋ, "ಓದಿದೋರ ತಲೇಲಿ ಜಾಗ ಇರಲ್ಲಮ್ಮ, ಹಿರಿಯರು ಕೂತ್ಕೊಳ್ಳೋದೆಲ್ಲಿ?" ಎಂದರು. ನೊಕ್ವಾಜಿ ನನ್ನ ತೋಳು ಹಿಡಿದುಕೊಂಡಿದ್ದಳು, ಉಗುರು ಒಳಗಿಳಿದಿತ್ತು.

ನೀನು ಗಂಡಸರು ಕುಳಿತಿದ್ದ ಮರದ ಕಡೆ ತಿರುಗಿದೆ. ಆಗ ನಾನು ಜೋರಾಗಿ ತಟ್ಟಿದೆ.

ನೀನು ನಿಂತೆ. ಕೊಟ್ಟಿಗೆಯ ಕಡೆ ಮುಖ ಮಾಡಿದೆ. ನಾನು ತಟ್ಟುವುದನ್ನು ನಿಲ್ಲಿಸಿದೆ. ಮತ್ತೆ ಮರದ ಕಡೆ, ಮತ್ತೆ ತಟ್ಟಿದೆ. ಕರುವಿಗೆ ಹಗ್ಗ ಹಾಕಿ ಎಳೆದ ಹಾಗೆ ನಿನ್ನನ್ನು ಎಳೆದುಕೊಂಡು ಹೋದೆ. ಸಾಲಿನಲ್ಲಿ ಮೊದಲನೆಯವನು, ಎರಡನೆಯವನು, ಕೊನೆಗೆ ಚರ್ಚಿನ ಹಿರಿಯ ಜೊಂಡಿ. ಸಾಂಗೋಮಾಗಳ ಮನೆಯ ನೀರು ಕುಡಿಯುವುದಿಲ್ಲ, ಮಾಂಸ ಮಾತ್ರ ತಿನ್ನುತ್ತೇನೆ ಎಂದು ಬಂದು ಕುಳಿತಿದ್ದ ಮನುಷ್ಯ. ಅವನ ಎದುರಿಗೆ ನೀನು ನಿಂತಾಗ ನನ್ನ ಅಂಗೈ ಉರಿಯುತ್ತಿತ್ತು. ನೀನು ಅವನ ಟೋಪಿ ಎತ್ತಿದೆ. ಬೋಳು ತಲೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಪಿತ್ತದ ಚೀಲ, ಅರ್ಧ ಗಂಟೆಯ ಬಿಸಿಲಿಗೆ ಒಡೆದು ಕಿವಿಯ ತನಕ ಇಳಿದಿತ್ತು. "ಬೇಗ ತೆಗಿಯಪ್ಪ ಮಹರಾಯ, ಕಣ್ಣಿಗಿಳೀತಿದೆ!" ಎಂದು ಅವನು ಕೂಗಿದ. ಹೆಂಗಸರು ನಾಲಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ನೊಕ್ವಾಜಿ ನೆಲದ ಮೇಲೆ ಕುಳಿತುಬಿಟ್ಟಳು. ನೀನು ನನ್ನ ಕಡೆ ನೋಡಿದೆ. ಎಲ್ಲರೂ ನಗುತ್ತಿದ್ದರು, ನೀನು ನಗುತ್ತಿರಲಿಲ್ಲ. ನಾನು ಅದನ್ನು ಕಂಡೂ ಕಾಣದವಳಂತೆ ಪಾತ್ರೆಯ ಕಡೆಗೆ ಹೋದೆ.

ಆಮೇಲೆ ಮೂರು ತಿಂಗಳು ಎಲ್ಲ ಸರಿಯಿತ್ತು ಎಂದುಕೊಂಡಿದ್ದೆ. ಉಮ್ಲಾಜಿಯ ನಿನ್ನ ಹಿತ್ತಿಲ ಗುಡಿಸಲಿನ ಮುಂದೆ ಜನ ಸಾಲು ನಿಲ್ಲುತ್ತಿದ್ದರು. ಮೈಕೈ ನೋವಿನವರು, ಮಕ್ಕಳಾಗದವರು, ಕೆಲಸ ಹೋದವರು. ನಿನ್ನ ಬಳಿ ಬಂದವರು ಹಗುರಾಗಿ ಹೋಗುತ್ತಿದ್ದರು. ಹತ್ತು ವರ್ಷ ಜನರ ಮಾತು ಬರೆದುಕೊಂಡವನು ಅವರ ಮಾತನ್ನು ಕೇಳಿಸಿಕೊಳ್ಳುವುದರಲ್ಲಿ ಏನಾಶ್ಚರ್ಯ? ಆದರೆ ಜುಲೈನಲ್ಲಿ ಆ ತಾಯಿ ಬಂದಳು, ಮಗ ಕಾಣೆಯಾಗಿ ಒಂಬತ್ತು ದಿನವಾಗಿದ್ದವಳು. 'ಬದುಕಿದ್ದಾನೆ' ಎಂದು ನೀನು ಹೇಳಿದಾಗ ಅವಳು ಗುಡಿಸಲು ನಡುಗುವಂತೆ ಚಪ್ಪಾಳೆ ತಟ್ಟಿದಳೆಂದು ಬರೆದಿದ್ದೀಯ. ಯಾವ ತಾಯಿ ತಟ್ಟುವುದಿಲ್ಲ? ಅವಳು ಮನೆಗೆ ಹೋಗಿ ಮಗನ ಹಾಸಿಗೆ ಒಗೆದು ಒಣಗಿಸಿದಳು. ಮೂರನೆಯ ದಿನ ಕಬ್ಬಿನ ಗದ್ದೆಯಲ್ಲಿ ಹೆಣ ಸಿಕ್ಕಿತು, ಸತ್ತು ಹತ್ತು ದಿನವಾಗಿತ್ತಂತೆ. 'ನನಗೆ ಕೇಳಿಸಿದ್ದು ಹಿರಿಯರಲ್ಲ, ಅವಳ ಕೈ. ಎಶೊವೆಯಲ್ಲಿ ಕೇಳಿಸಿದ್ದೂ ಒಂದು ಜೊತೆ ಕೈ ಮಾತ್ರ' ಎಂದು ಬರೆದಿದ್ದೀಯ. ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಕಾಗದ ಅಲ್ಲಿ ಸವೆದುಹೋಗಿದೆ.

ಮೂರನೆಯ ವಾರ ಊರಿಗೆ ಹೋಗಿದ್ದೆನೆಂದೆನಲ್ಲ, ಹೋದದ್ದು ಎಶೊವೆಗೆ. ನಸ್ಯದ ಎರಡು ಡಬ್ಬಿ ಹಿಡಿದು ಗೊಗೊ ಮಾಜುಂಗುವಿನ ಎದುರು ಕುಳಿತೆ. ಆಕೆ ಏನೋ ಬೇರು ಕುಟ್ಟುತ್ತಿದ್ದಳು.

"ಬಾ ಲೆಕ್ಕದಮ್ಮ," ಎಂದಳು. "ಯಾವ ಆಡಿನ ರಸೀದಿ ಬಾಕಿ ಇದೆ?"

"ರಸೀದಿ ಬೇಡ ಗೊಗೊ. ತಮ್ಮ ಕಾಗದ ಬರೆದಿದಾನೆ."

"ಓದು."

ಓದಿದೆ. 'ಯಾರಿಗೆ ಎಷ್ಟು ಕೊಟ್ಟೆ' ಎಂಬಲ್ಲಿ ಆಕೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ತಾಯಿಯ ವಿಷಯ ಬಂದಾಗ ಒನಕೆ ನಿಂತಿತು.

"ನಾನು ಯಾರಿಗೂ ಹೇಳಿಲ್ಲ," ಎಂದಳು. "ಗೊತ್ತಿದ್ದಿದ್ದು ನನಗೆ, ಜೊಂಡಿಗೆ. ಜೊಂಡಿ ಸುಳ್ಳು ಹೇಳಲ್ಲ, ಎಷ್ಟು ತುಂಡು ತಿಂದೆ ಅನ್ನೋದೊಂದು ಬಿಟ್ಟು. ಅವನ ತಲೆ ಆರಿಸಿದ್ದೇ ಅದಕ್ಕೆ. ನಮ್ಮ ದೇವರನ್ನ ಒಪ್ಪದೋನ ಟೋಪಿ ಕೆಳಗೆ ನಮ್ಮ ಪಿತ್ತ ಇದೆ ಅಂತ ಯಾರು ಅನ್ಕೋತಾರೆ?"

"ಹಾಗಾದ್ರೆ ಅವನನ್ನ ಯಾಕೆ ಪಾಸು ಮಾಡಿದ್ರಿ?"

"ಮಾಂಸ ಬೆಂದಿತ್ತು. ನಲವತ್ತು ಜನ ಕಾಯ್ತಿದ್ರು. ನನಗೂ ಹೆಸರಿದೆ ಕಣೆ." ಒಂದು ಚಿಟಿಕೆ ನಸ್ಯ ಏರಿಸಿದಳು. ಸೀನಿದಳು. "ತಪ್ಪು ನನ್ನದೂ ಇದೆ. ಇದ್ದಷ್ಟು ನಾನು ಹೊರ್ತೀನಿ. ಹುಡುಗ ಒಳ್ಳೆಯವನು. ಜನರ ಕೈ ಕೇಳಿಸ್ಕೋತಾನೆ. ಅರ್ಧ ವಿದ್ಯೆ ಅದೇ. ಇನ್ನರ್ಧ ಬಂದಿಲ್ಲ."

"ಅವನಿಗೆ ಏನಂತ ಬರೀಲಿ?"

ಆಕೆ ನನ್ನ ಎರಡೂ ಕೈ ಹಿಡಿದು ಅಂಗೈ ಮೇಲೆ ಮಾಡಿದಳು. "ಅವತ್ತು ಎಲ್ಲಾರೂ ಅವನ ಕಾಲು ನೋಡ್ತಿದ್ರು," ಎಂದಳು. "ನಾನು ಇದನ್ನ ನೋಡ್ತಿದ್ದೆ."

ಆಮೇಲೆ ಆಕೆ ಇನ್ನೂ ಸ್ವಲ್ಪ ಮಾತಾಡಿದಳು. ಅದನ್ನು ಇಲ್ಲಿ ಬರೆಯಲು ಕೈ ಏಳುತ್ತಿಲ್ಲ.

ಹೀಗಿದೆ ವಿಷಯ. ಜಾಗವನ್ನು ನನಗೆ ಯಾರೂ ಹೇಳಲಿಲ್ಲ. ದುಡ್ಡಿಗೂ ಇಲ್ಲ, ಪುಕ್ಕಟೆಯೂ ಇಲ್ಲ. ನಮ್ಮ ತಾಯಿಯ ಸಮಾಧಿಯ ಮೇಲೆ ಆಣೆ.

ಶುಕ್ರವಾರದ ಮೊದಲು ನೀನು ಮಾಡಬೇಕಾದದ್ದನ್ನು ಹೇಳುತ್ತೇನೆ. ಬೇಕಾದರೆ ಕೇಳು, ಬೇಡವಾದರೆ ಬಿಡು, ಯಾವಾಗಲೂ ಬಿಟ್ಟಿದ್ದೀಯ. ವಿಶ್ವವಿದ್ಯಾಲಯಕ್ಕೆ ಬರುತ್ತೇನೆಂದು ಹೇಳು. ಹುಡುಗರಿಗೆ ಪಾಠ ಮಾಡು, ಅದರಲ್ಲಿ ನೀನು ಯಾರನ್ನೂ ಮೋಸಗೊಳಿಸುತ್ತಿಲ್ಲ. ಗುಡಿಸಲಿನ ಬೀಗ ತೆಗೆಯಬೇಡ. ಮಣಿಗಳನ್ನು ಮಾತ್ರ ಹಿಂದಿರುಗಿಸಬೇಡ, ಸುಡಬೇಡ, ಪ್ಲಾಸ್ಟಿಕ್ ಚೀಲದಿಂದ ತೆಗೆದು ಬಿಳಿ ಬಟ್ಟೆಯಲ್ಲಿ ಸುತ್ತಿಡು. ಆ ತಾಯಿಯ ಮನೆಗೆ ಹೋಗು. ಕ್ಷಮೆ ಕೇಳಲು ಮಾತು ಹುಡುಕಬೇಡ, ಸುಮ್ಮನೆ ಅವಳ ಬಳಿ ಕುಳಿತು ಬಾ. ನೊಕ್ವಾಜಿಯ ಕೈಯ ಗಂಜಿ, ಮೊಸರು ಉಣ್ಣು. ತಲೆಗೆ ಈ ಪತ್ರದ ಜೊತೆ ಕಳಿಸಿರುವ ಎಲೆ ಕಟ್ಟು. ಅದು ನೋವು ತೆಗೆಯುವುದಿಲ್ಲವೆಂದು ಮೂವತ್ತು ವರ್ಷದಿಂದ ಮಾರುವ ನನಗೆ ಗೊತ್ತು, ಆದರೂ ತಂಪಾಗಿರುತ್ತದೆ.

ನಮ್ಮ ಅಪ್ಪ ಅಮ್ಮ, ಅವರ ಅಪ್ಪ ಅಮ್ಮ, ಹೆಸರು ಗೊತ್ತಿರುವವರು, ಮರೆತುಹೋದವರು, ಎಲ್ಲರೂ ನಿನ್ನ ಹಿಂದೆ ನಿಲ್ಲಲಿ. ನಿನ್ನ ನೆತ್ತಿ ತಂಪಾಗಿರಲಿ. ನೀನು ನಡೆಯುವ ದಾರಿಯಲ್ಲಿ ಮುಳ್ಳಿದ್ದರೆ ಅದು ಮೊದಲು ನನ್ನ ಕಾಲಿಗೆ ಸಿಗಲಿ.

ಅಂಚೆಯನ್ನು ನಂಬದೆ ಪೀಟರ್‌ಮಾರಿಟ್ಜ್‌ಬರ್ಗಿನ ಟ್ಯಾಕ್ಸಿಯವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಿನ್ನ ಅಕ್ಕ,
ಸೆಬೆಂಜಿಲೆ

ಮತ್ತೆ: ಟ್ಯಾಕ್ಸಿ ತುಂಬಲು ಇನ್ನೂ ಆರು ಜನ ಬೇಕಂತೆ. ಲಕೋಟೆಗೆ ಅಂಟು ಹಚ್ಚಿಲ್ಲ. ಬರೆದುಬಿಡುತ್ತೇನೆ.

ಯಾರೂ ಹೇಳದೆ ನನಗೆ ಹೇಗೆ ಗೊತ್ತಾಯಿತು ಎಂದು ನೀನು ಕೇಳುತ್ತೀಯ. ಅಂದು ಡೋಲು ಶುರುವಾದ ಕೂಡಲೇ ನನ್ನ ನೆತ್ತಿಯ ಮೇಲೆ ಕೆಂಡ ಇಟ್ಟ ಹಾಗಾಯಿತು. ಬಿಸಿಲೆಂದುಕೊಂಡೆ. ಕಣ್ಣು ತಾನಾಗಿ ಜೊಂಡಿಯ ಟೋಪಿಯ ಮೇಲೆ ಹೋಗಿ ನಿಂತಿತು. ಅಷ್ಟೇ. ನೀನು ದನದ ಕೊಟ್ಟಿಗೆ ತಡಕಾಡುತ್ತಿದ್ದ ಅಷ್ಟೂ ಹೊತ್ತು ನನಗೆ ಗೊತ್ತಿತ್ತು.

ಹಾಗೆ ಗೊತ್ತಾದದ್ದು ಅದು ಮೊದಲ ಸಲವಲ್ಲ. 1974ರಲ್ಲಿ, ಅಮ್ಮ ಸತ್ತ ವರ್ಷ, ನಾನು ಬಿಳಿಯರ ಮನೆಯೊಂದರಲ್ಲಿ ಅಡುಗೆಗಿದ್ದೆ. ನನಗೆ ಹತ್ತೊಂಬತ್ತು. ಮನೆಯೊಡತಿಯ ಉಂಗುರ ಕಳೆಯಿತು. "ಅಕ್ಕಿ ಡಬ್ಬದಲ್ಲಿದೆ ಅಮ್ಮಾವ್ರೇ," ಎಂದೆ. ಇತ್ತು. ಕದ್ದು ಅಲ್ಲಿ ಇಟ್ಟವಳು ನಾನೇ ಎಂದು ಅಂದೇ ಹೊರಗೆ ಹಾಕಿದರು. ಭುಜದ ನೋವು, ತಲೆನೋವು, ನದಿಯ ದಡದ ಮುದುಕಿ, ಎಲ್ಲ ನನಗೂ ಬಂದಿತ್ತು. ನಿನ್ನನ್ನು ಕರೆದುಕೊಂಡು ಉಮ್ಲಾಜಿಯ ಒಬ್ಬ ಮುದಿ ಸಾಂಗೋಮಾನ ಬಳಿ ಹೋದೆ. ಇದು ಕರೆ, ಒಂದು ವರ್ಷ ಕಲಿಯಬೇಕು, ಆಡು ಬೇಕು ಎಂದ.

"ನನ್ನ ತಮ್ಮನಿಗೆ ಯಾರು ಊಟ ಹಾಕ್ತಾರೆ?" ಎಂದೆ.

"ಹಾಗಾದ್ರೆ ಮುಚ್ಚಬಹುದು. ಒಂದು ಕರಿ ಕೋಳಿ ಸಾಕು. ಆದ್ರೆ ಮಗಳೇ, ಬಾಗಿಲು ಹಾಕಿದ್ರೆ ನೆಂಟರು ಊರು ಬಿಟ್ಟು ಹೋಗಲ್ಲ. ಪಕ್ಕದ ಬಾಗಿಲು ತಟ್ತಾರೆ. ನಿಮ್ಮನೇಲಿ ಇನ್ಯಾರಿದಾರೆ?"

ನೀನು ಹೊಸ್ತಿಲ ಆಚೆ ಕುಳಿತು ನೆಲದ ಮೇಲೆ ಕಡ್ಡಿಯಿಂದ ಅಕ್ಷರ ತಿದ್ದುತ್ತಿದ್ದೆ. ನಾನು ನಿನ್ನನ್ನು ನೋಡಿದೆ. ಚೆನ್ನಾಗಿ ನೋಡಿದೆ. ನೋಡಿಯೇ, "ಮುಚ್ಚಿ," ಎಂದೆ.

ಆಸ್ಪತ್ರೆಗಳಲ್ಲಿ ನಿನ್ನ ಜೊತೆ ಮೂರು ವರ್ಷ ಬೆಂಚಿನ ಮೇಲೆ ಕುಳಿತಾಗ ನಿನ್ನ ಕಾಯಿಲೆ ಯಾವುದೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಆಡು ಕೊಂಡೆ.

ಗೊಗೊ ಹೇಳಿದ್ದು ಇದು: "ನಿನ್ನ ಬಾಗಿಲು ಸ್ವಲ್ಪ ತೆರೆದೇ ಇದೆ. ಪೂರ್ತಿ ತೆರಿ. ಅವನ ಮನೇಲಿ ಕೂತಿರೋರು ಆಗ ಎದ್ದು ಬರ್ತಾರೋ ಇಲ್ವೋ ನನಗೆ ಗೊತ್ತಿಲ್ಲ. ಒಂದೇ ಮನೇಲಿ ವರ್ಷಗಟ್ಟಲೆ ಉಂಡೋರು." ನನಗೂ ಗೊತ್ತಿಲ್ಲ. ಭಯವಾಗುತ್ತಿದೆ. ಸೋಮವಾರ ಬೆಳಗಿನ ಮೊದಲ ಟ್ಯಾಕ್ಸಿಗೆ ಎಶೊವೆಗೆ ಹೊರಡುತ್ತೇನೆ, ಅಂಗಳ ಗುಡಿಸಲು. ಅಂಗಡಿಯನ್ನು ಮಾದ್ಲಾಮಿನಿಗೆ ಕೊಟ್ಟೆ. ಚೌಕಾಸಿ ಮಾಡದೆ ಒಪ್ಪಿದೆನೆಂದು ಅವಳು ಅಳುತ್ತ ಕುಳಿತಿದ್ದಾಳೆ.

ಈ ವ್ಯವಹಾರದಲ್ಲಿ ಯಾರಿಗೆ ಏನು ಬಂತೆಂದು ಬರೆದು ಮುಗಿಸುತ್ತೇನೆ. ಜೊಂಡಿಗೆ ಊಟ. ಮಾಜುಂಗುವಿಗೆ ನಾಲ್ಕು ಸಾವಿರದ ಐನೂರು ಮತ್ತು ಇನ್ನೊಬ್ಬ ಶಿಷ್ಯೆ. ಮಾದ್ಲಾಮಿನಿಗೆ ನನ್ನ ಈ ಮೂಲೆಯ ಅಂಗಡಿ, ಬೂಷ್ಟು ಹಿಡಿದ ಎರಡು ಮೂಟೆ ಸಮೇತ. ಆ ತಾಯಿಗೆ ಮೂರು ದಿನದ ಆಸೆ. ನನಗೆ ಮೂವತ್ತು ವರ್ಷದ ವ್ಯಾಪಾರ, ಎರಡು ಕೋಣೆಯ ಇಟ್ಟಿಗೆ ಮನೆ, ನೋವಿಲ್ಲದ ತಲೆ. ನಿನಗೆ ಡಾಕ್ಟರ್ ಪದವಿ, ಮತ್ತು ನನಗೆ ಬರಬೇಕಾಗಿದ್ದದ್ದು.